ಕಾಡುಮೇಷ್ಟ್ರು

ನನಗೆ ಜರ್ಮನ್ ಬರುವುದಿಲ್ಲ. ಬಾರದ ಭಾಷೆಯ ಊರಲ್ಲಿ ಹೊಟ್ಟೆ ತುಂಬಿಸಿಕೊಳ್ಳಲು ನಾನು ಕಂಡುಕೊಂಡ ಉಪಾಯವೆಂದರೆ ಪಕ್ಕದ ಮೇಜಿನ ಕಡೆ ಬೆರಳು ತೋರಿಸುವುದು. ಮೂವತ್ತೆರಡು ವರ್ಷ ತರಗತಿಯಲ್ಲಿ ಹುಡುಗರ ಕಡೆ ತೋರಿಸಿ ತೋರಿಸಿ ಪಳಗಿದ ಬೆರಳು, ಎಂದೂ ಕೈಕೊಟ್ಟಿರಲಿಲ್ಲ. ಬರ್ಲಿನ್ನಿನ ಮಗಳ ಮನೆಗೆ ಹೋದ ಎರಡನೇ ವಾರ ಕೊಟ್ಟಿತು.

ಮೇ ತಿಂಗಳ ಸಂಜೆ, ಷ್ಪ್ರೇ ನದಿಯ ದಡ, ಮರದಡಿಯ ಬೆಂಚು. ಮಗಳು, ಅಳಿಯ ಕಾರು ನಿಲ್ಲಿಸಲು ಜಾಗ ಹುಡುಕಿಕೊಂಡು ಹೋಗಿದ್ದರು. ಆ ಊರಲ್ಲಿ ಕಾರಿಗೆ ಜಾಗ ಹುಡುಕುವುದೆಂದರೆ ಹೆಣ್ಣಿಗೆ ಗಂಡು ಹುಡುಕಿದ ಹಾಗೆ, ಹೋದವರು ಬೇಗ ಬರುವುದಿಲ್ಲ. ಪಕ್ಕದ ಮೇಜಿನಲ್ಲಿ ಎಂಬತ್ತರ ಆಸುಪಾಸಿನ ಅಜ್ಜಿಯೊಬ್ಬರು ಅಗಲ ಬಾಯಿಯ ಗಾಜಿನ ಬಟ್ಟಲಿಗೆ ಸ್ಟ್ರಾ ಹಾಕಿ ಹಸಿರು ಹಸಿರಾಗಿ ಏನನ್ನೋ ಹೀರುತ್ತಿದ್ದರು. ಅಜ್ಜಿ, ಹಸಿರು, ಸ್ಟ್ರಾ: ಮೂರೂ ಸೇರಿದರೆ ಶರಬತ್ತಲ್ಲದೆ ಮತ್ತೇನು? ಮಾಣಿ ಬಂದ. ಬೆರಳು ತೋರಿಸಿದೆ. ನನಗೊಂದು, ನನ್ನಾಕೆಗೊಂದು.

ಮೊದಲು ಬಂದದ್ದು ಸಿಹಿ. ಹುಲ್ಲಿನ ಬಣವೆಗೆ ಯಾರೋ ವೆನಿಲಾ ಚಿಮುಕಿಸಿದಂಥ ಘಮ. ಅದರ ಬೆನ್ನಿಗೇ ಹುಳಿ. ನಿಂಬೆಯದ್ದಲ್ಲ, ಹುಣಸೆಯದ್ದೂ ಅಲ್ಲ, ಮೂರು ದಿನದ ಮಜ್ಜಿಗೆಯದ್ದು. ದವಡೆಯ ಮೂಲೆ ಚುಳ್ಳೆಂದು ನನ್ನ ಎಡಗಣ್ಣು ತಾನಾಗಿಯೇ ಮುಚ್ಚಿಕೊಂಡಿತು. ನೋಡಿದವರಿಗೆ ಅದು ಅಜ್ಜಿಗೆ ಕಣ್ಣು ಹೊಡೆದ ಹಾಗೆಯೇ ಕಂಡಿರಬೇಕು. ಪುಣ್ಯಾತ್ಗಿತ್ತಿ, ನಕ್ಕು ಬಟ್ಟಲನ್ನೆತ್ತಿ ತೋರಿಸಿದರು.

"ರೀ, ಇದು ಹಿಟ್ಟು ಹುಳಿ ಬಂದ ವಾಸನೆ" ಎಂದಳು ನನ್ನಾಕೆ. ಈ ವಿಷಯದಲ್ಲಿ ಅವಳ ಮೂಗಿಗೆ ಎದುರಾಡುವವರಿಲ್ಲ. ಬಂದಂದಿನಿಂದ ಅವಳಿಗೂ ಇಡ್ಲಿ ಹಿಟ್ಟಿಗೂ ಜಟಾಪಟಿ ನಡೆದಿತ್ತು. ಮೇ ಬಂದರೂ ರಾತ್ರಿ ಚಳಿ ಬಿಡದ ಊರು. ಹಿಟ್ಟು ಉಕ್ಕುವುದಿರಲಿ, ಮಿಸುಕುತ್ತಿರಲಿಲ್ಲ. ಮಗಳು ಪಾತ್ರೆಯನ್ನು ಓವನ್ನಿನಲ್ಲಿಟ್ಟು, ಬರೀ ದೀಪ ಉರಿಸಿ, ಬಾಣಂತಿಗೂ ಮಾಡದಷ್ಟು ಆರೈಕೆ ಮಾಡುತ್ತಿದ್ದಳು. "ಈ ಊರಿಗೆ ಹುಳಿ ಬರಿಸೋದೇ ಗೊತ್ತಿಲ್ಲ" ಎಂದು ಬೆಳಿಗ್ಗೆಯಷ್ಟೇ ನನ್ನಾಕೆ ತೀರ್ಪು ಕೊಟ್ಟಿದ್ದಳು.

ಅಷ್ಟರಲ್ಲಿ ಅಳಿಯ ಬಂದ. ಬಟ್ಟಲು ನೋಡಿದ, ನಿಂತ. "ಮಾವ, ಅದು... ಬಿಯರ್."

ಮದುವೆಯಾಗಿ ಆರು ವರ್ಷದಲ್ಲಿ ಫ್ರಿಜ್ಜಿನ ಕೆಳಗಿನ ಗೂಡಿನಲ್ಲಿ ಏನಿದೆಯೆಂದು ಅವನೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಆ ಸೌಜನ್ಯವೆಲ್ಲ ಒಂದು ಸ್ಟ್ರಾದಲ್ಲಿ ಇಳಿದುಹೋಯಿತು. ನನ್ನಾಕೆಯ ಬಟ್ಟಲು ಅರ್ಧ ಖಾಲಿ.

"ಮೂರು ಪರ್ಸೆಂಟೋ ಏನೋ ಅಷ್ಟೇ, ಅತ್ತೆ" ಎಂದು ಸಮಾಧಾನ ಹೇಳಿ ಅಳಿಯ ಅದರ ಕುಲಗೋತ್ರ ಬಿಚ್ಚಿದ. ಹೆಸರು ಬರ್ಲಿನರ್ ವೈಸ್ಸೆ; ಬರ್ಲಿನ್ನಿನಲ್ಲೇ ಮಾಡಿದ್ದಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ. ಮೊಳಕೆ ಬರಿಸಿದ ಗೋಧಿ, ಬಾರ್ಲಿ. ಯೀಸ್ಟಿನ ಜೊತೆಗೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ, ಅಂದರೆ ಮೊಸರಿನ, ಇಡ್ಲಿ ಹಿಟ್ಟಿನ ದಾಯಾದಿಗಳೇ. ಹಿಂದೆ ಸೀಸೆಗಳನ್ನು ಮರಳಿನಲ್ಲಿ ಹುಗಿದಿಟ್ಟು ಹದ ಬರಿಸುತ್ತಿದ್ದರಂತೆ. 1809ರಲ್ಲಿ ನೆಪೋಲಿಯನ್ನನ ಸೈನಿಕರು ಇದನ್ನು ಕುಡಿದು 'ಉತ್ತರದ ಷಾಂಪೇನ್' ಎಂದರೆಂದು ಪ್ರತೀತಿ. ನನ್ನಾಕೆ ಕಿವಿಗೊಟ್ಟದ್ದು ಮಾತ್ರ ಮರಳಿನ ಸಂಗತಿಗೆ. ಓವನ್ನಿಗಿಂತ ಅದೇ ವಾಸಿಯೇನೋ ಎಂಬ ಲೆಕ್ಕ ಅವಳ ಮುಖದಲ್ಲಿ ಕಾಣುತ್ತಿತ್ತು.

ಹುಳಿ ತಾಳದವರಿಗೆಂದು ಅದಕ್ಕೆ ಸಿರಪ್ ಬೆರೆಸುತ್ತಾರೆ. ರಾಸ್‌ಬೆರಿಯದಾದರೆ ಕೆಂಪು, ವಾಲ್ಡ್‌ಮೈಸ್ಟರ್ ಎಂಬ ಸೊಪ್ಪಿನದಾದರೆ ಹಸಿರು. ಹೀಗೆ ಬೆರೆಸಿದ್ದಕ್ಕೆ 'ಮಿಟ್ ಶುಸ್' ಅನ್ನುತ್ತಾರೆ. ಶುಸ್ ಎಂದರೆ ಬಂದೂಕಿನಿಂದ ಹಾರುವ ಗುಂಡು ಕೂಡ. ನೋಡಿ ತಮಾಷೆ: ನಮ್ಮಲ್ಲಿ ಗುಂಡು ಅಂದರೆ ಹೆಂಡ, ಅವರಲ್ಲಿ ಹೆಂಡಕ್ಕೆ ಹಾಕುವ ಪಾನಕ!

ವಾಲ್ಡ್ ಎಂದರೆ ಕಾಡು, ಮೈಸ್ಟರ್ ಎಂದರೆ ಒಡೆಯ, ಗುರು. ನಮ್ಮ 'ಮೇಷ್ಟ್ರು' ಯುರೋಪಿನ ಹಡಗಿನಲ್ಲಿ ಬಂದ ಪದ. ಎರಡಕ್ಕೂ ಅಜ್ಜ ಒಬ್ಬನೇ, ಲ್ಯಾಟಿನ್. ಹಾಗಾಗಿ ನಾನು ಅಷ್ಟು ಹೊತ್ತು ಹೀರಿದ್ದು ಕಾಡುಮೇಷ್ಟ್ರನ್ನು. ನಿವೃತ್ತ ಮೇಷ್ಟ್ರಿಗೆ ಇದಕ್ಕಿಂತ ಸ್ವಜಾತಿ ಸಮಾಗಮ ಉಂಟೇ? ಈ ಸೊಪ್ಪು ಬಾಡಿದ ಮೇಲೆಯೇ ಘಮಘಮಿಸುವುದು ಎಂದು ಕೇಳಿ ನನ್ನ ವಯಸ್ಸಿಗೆ ತುಸು ಧೈರ್ಯವೂ ಬಂತು. ಆದರೆ ಅದರ ಕೂಮರಿನ್ ಎಂಬ ಅಂಶ ಹೆಚ್ಚಾದರೆ ತಲೆನೋವು. ಅದಕ್ಕೇ ಈಗ ಅಂಗಡಿಯ ಸಿರಪ್ಪಿನಲ್ಲಿ ಸಾಮಾನ್ಯವಾಗಿ ಸೊಪ್ಪಿರುವುದಿಲ್ಲ, ಬಣ್ಣ ಮತ್ತು ಕೃತಕ ಪರಿಮಳ ಅಷ್ಟೇ. ತಲೆನೋವೆಂದು ಮೇಷ್ಟ್ರನ್ನು ಹೊರಗಿಟ್ಟು ಬರೀ ಹೆಸರು ಉಳಿಸಿಕೊಂಡಿದ್ದಾರೆ. ಈ ವ್ಯವಹಾರ ನನಗೆ ಹೊಸದಲ್ಲ.

ಅಳಿಯ ತನಗೆ ಸಿರಪ್ ಇಲ್ಲದ್ದನ್ನೇ ತರಿಸಿಕೊಂಡ. ಸಂಕೋಚ ಹೇಗೂ ಹೋಗಿತ್ತು, ಒಂದು ಗುಟುಕು ಕೇಳಿ ಕುಡಿದೆ. ತೆಳ್ಳಗೆ, ನೊರೆನೊರೆಯಾಗಿ, ಹಸಿ ಗೋಧಿಯ ಪರಿಮಳದ ಸ್ವಚ್ಛ ಹುಳಿ. ಕಣ್ಣು ಈ ಸಲ ಮುಚ್ಚಲಿಲ್ಲ. ಒಳ್ಳೆಯ ನೀರುಮಜ್ಜಿಗೆಗೆ ಯಾರಾದರೂ ಬೆಲ್ಲದ ಪಾಕ ಸುರಿಯುತ್ತಾರೆಯೇ?

"ಚಿಟಿಕೆ ಉಪ್ಪು ಬೇಕಿತ್ತು" ಎಂದಳು ನನ್ನಾಕೆ, ಅವಳೂ ಒಂದು ಗುಟುಕು ನೋಡಿ.

"ಉಪ್ಪು, ಕೊತ್ತಂಬರಿ ಬೀಜ ಹಾಕಿದ ಹುಳಿ ಬಿಯರೂ ಇದೆ ಅತ್ತೆ. ಗೋಸೆ ಅಂತ, ಲೈಪ್‌ಜಿಗ್ ಕಡೆಯದು."

"ಮೊದಲೇ ಹೇಳಬಾರದಾ!"

ಬರುವ ಶನಿವಾರಕ್ಕೆ ಲೈಪ್‌ಜಿಗ್ ರೈಲಿನ ಟಿಕೆಟ್ಟಾಗಿದೆ. ಸಂಗೀತಗಾರ ಬಾಖ್ ಕೆಲಸ ಮಾಡಿದ ಚರ್ಚು ಆ ಊರಲ್ಲಿದೆ. ಅದನ್ನು ನೋಡಲು ಹೋಗುತ್ತಿದ್ದೇವೆ ಎಂದು ಊರಿನಲ್ಲಿ ಎಲ್ಲರಿಗೂ ಹೇಳಿದ್ದೇವೆ. ಯಾರಾದರೂ ಕೇಳಿದರೆ ದಯವಿಟ್ಟು ನೀವೂ ಹಾಗೆಯೇ ಹೇಳಿ.