ಏನೂ ಮುಟ್ಟಬೇಡಿ, ಬಂದೆ

ನಮ್ಮೂರ ಕಡೆ ಗ್ಯಾರೇಜು ಅಂದರೆ ಕೆಟ್ಟ ಲಾರಿ, ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡ ಹುಡುಗರು, ಒಂದು ಹಳೇ ರೇಡಿಯೋ. ಅಮೆರಿಕದಲ್ಲಿ ಕಾರು ನೆಟ್ಟಗಿರುತ್ತದೆ, ಗ್ಯಾರೇಜೇ ಕೆಡುತ್ತದೆ. ಆಗ ದುಡ್ಡಿದ್ದವರು ಮೆಕ್ಯಾನಿಕ್‌ನನ್ನು ಕರೆಸುತ್ತಾರೆ. ನೆಂಟರಿದ್ದವರು ಕರೆಸಬೇಕಾಗಿಲ್ಲ, ಅವರೇ ಬರುತ್ತಾರೆ.

ನನಗೆ ನೆಂಟರಿದ್ದಾರೆ. ಹೆಂಡತಿಯ ಅಕ್ಕನ ಗಂಡ, ಲೆಕ್ಕದಲ್ಲಿ ಷಡ್ಡಕ. ಅವಳು ಭಾವ ಅನ್ನುತ್ತಾಳೆ, ವಯಸ್ಸಿನಲ್ಲಿ ಹಿರಿಯರು ಅಂತ ನಾನೂ ಭಾವ ಅನ್ನುತ್ತೇನೆ. ಅವರಿರುವುದು ನೇಪರ್‌ವಿಲ್‌ನಲ್ಲಿ, ನಾವು ಪಕ್ಕದ ಅರೋರಾದಲ್ಲಿ. 20 ನಿಮಿಷದ ದಾರಿ. ನಮ್ಮಲ್ಲಿ ಏನಾದರೂ ಕೆಟ್ಟಿದೆ ಎಂದು ಗೊತ್ತಾದರೆ 14 ನಿಮಿಷ. ಸತ್ಯನಾರಾಯಣ ಪೂಜೆಗೆ ಕರೆದರೆ ಮಂಗಳಾರತಿಗೆ ಸರಿಯಾಗಿ ಬಂದು ನಿಲ್ಲುತ್ತಾರೆ.

ಈ ಜಾತಿಯವರು ಪರದೇಶದ ಕನ್ನಡ ಕೂಟಕ್ಕೊಬ್ಬರು ಇದ್ದೇ ಇರುತ್ತಾರೆ. ಯುಗಾದಿ ಕಾರ್ಯಕ್ರಮದಲ್ಲಿ ಮೈಕು ಕುಂಯ್ ಎಂದ ತಕ್ಷಣ ಸಭೆಯಲ್ಲಿ ಎಲ್ಲರ ಮುಖ ಕಿವುಚಿದರೆ ಒಬ್ಬರ ಮುಖ ಮಾತ್ರ ಅರಳುತ್ತದೆಯಲ್ಲ, ಅವರೇ. ಹೋಮ್ ಡಿಪೋಗೆ ಹೋಗುವುದು ಅವರಿಗೆ ಬಾಲಾಜಿ ದೇವಸ್ಥಾನಕ್ಕೆ ಹೋದಷ್ಟೇ ಪುಣ್ಯ, ಪ್ರಸಾದ ಮಾತ್ರ ಸ್ಕ್ರೂ ರೂಪದಲ್ಲಿ. ಭಾವನ ಮನೆಯಲ್ಲಿ ಎರಡು ಕಾರು ಹಿಡಿಸುವ ಗ್ಯಾರೇಜಿದೆ. ಅದರ ತುಂಬಾ ಗರಗಸ, ಡ್ರಿಲ್ಲು, ಮುಂದೊಂದು ದಿನ ಬೇಕಾಗುವ ಹಲಗೆಗಳು. ಕಾರು ಹಿಮದಲ್ಲಿ ಹೊರಗೆ ನಿಂತಿರುತ್ತದೆ.

ಹೋದ ಜನವರಿಯಲ್ಲಿ ಒಂದು ರಾತ್ರಿ, ಎರಡು ಗಂಟೆಯ ಹೊತ್ತಿಗೆ, ಕೆಳಗೆಲ್ಲೋ ಢಂ ಎಂದು ಬಂದೂಕು ಹೊಡೆದ ಹಾಗೆ ಶಬ್ದವಾಯಿತು. "ರೀ, ಏನೋ ಬಿತ್ತು, ನೋಡಿ ಬನ್ನಿ" ಎಂದಳು ಹೆಂಡತಿ. ಹೊರಗೆ ಸೊನ್ನೆಗಿಂತ ಕೆಳಗಿನ ಚಳಿ. ನಾನು ಗೊರಕೆ ಹೊಡೆದೆ. ನಿಜವಾದ ಗೊರಕೆಗಿಂತ ಚೆನ್ನಾಗಿಯೇ ಬಂತು. ಅವಳು ನಂಬಿ ಮಲಗಿದಳು. ಮುಂದಿನ ಕಥೆಗೆಲ್ಲ ಈ ಗೊರಕೆಯೇ ಕಾರಣ.

ಬೆಳಿಗ್ಗೆ ಆಫೀಸಿಗೆ ಹೊರಟು ರಿಮೋಟ್ ಒತ್ತಿದರೆ ಬಾಗಿಲು ಒಂದು ಗೇಣು ಎದ್ದು, ಮುಲುಗಿ, ಅಲ್ಲೇ ನಿಂತಿತು. ಮತ್ತೆ ಒತ್ತಿದರೆ ಕೂತುಬಿಟ್ಟಿತು. ಎರಡು ಕಾರೂ ಒಳಗೆ. ಹೆಂಡತಿ ಅಕ್ಕನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದವಳು ವಿಷಯ ಬಾಯಿಬಿಟ್ಟಳು. ಆ ಕಡೆಯಿಂದ ಅಕ್ಕನ ಕೈಯಿಂದ ಫೋನ್ ಕಿತ್ತುಕೊಂಡ ಸದ್ದು, ಆಮೇಲೆ ಭಾವನ ದನಿ: "ಏನೂ ಮುಟ್ಟಬೇಡಿ, ಬಂದೆ!"

ಬಂದರು. ಹಣೆಗೆ ಟಾರ್ಚು, ಕೈಯಲ್ಲಿ ಡಬ್ಲ್ಯುಡಿ-40 ಡಬ್ಬಿ, ಕಂಕುಳಲ್ಲಿ ರಬ್ಬರ್ ಸುತ್ತಿಗೆ. ಮೊದಲು ಕಾಫಿ. ಕಾಫಿ ಮುಗಿಯುವವರೆಗೆ ರೋಗಿಯನ್ನು ನೋಡುವುದಿಲ್ಲ, ಅದು ಅವರ ವೈದ್ಯಶಾಸ್ತ್ರ. ಆಮೇಲೆ ರಿಮೋಟಿನ ಬ್ಯಾಟರಿ ಬದಲಾಯಿಸಿದರು. "ರಿಮೋಟ್ ಸರಿಯಿದೆ ಭಾವ, ಮೋಟರ್ ಓಡ್ತಿದೆಯಲ್ಲ" ಎಂದೆ. "ಬುಡದಿಂದ ಬರಬೇಕು ಕಣ್ರೀ" ಎಂದರು.

ಬುಡ ಎಂದರೆ ಅಕ್ಷರಶಃ ಬುಡವೇ. ಬಾಗಿಲಿನ ಎರಡೂ ಪಕ್ಕ, ನೆಲದಿಂದ ಒಂದು ಅರ್ಧ ಅಡಿ ಮೇಲೆ, ಎರಡು ಪುಟ್ಟ ಕಣ್ಣುಗಳಿರುತ್ತವೆ. ಮಗುವೋ ಬೆಕ್ಕೋ ಅಡ್ಡ ಬಂದರೆ ಇಳಿಯುವ ಬಾಗಿಲು ವಾಪಸ್ ಏಳಲಿ ಎಂದು 1993ರಿಂದ ಇಲ್ಲಿ ಇಂಥದೊಂದು ಕಾವಲು ಕಡ್ಡಾಯ. ಭಾವ ಕಾಂಕ್ರೀಟ್ ನೆಲದ ಮೇಲೆ ಬೋರಲು ಮಲಗಿ, ತಮ್ಮ ಕರ್ಚೀಫಿನಿಂದ ಆ ಕಣ್ಣುಗಳನ್ನು ಇಪ್ಪತ್ತು ನಿಮಿಷ ಒರೆಸಿದರು; ನನ್ನ ಕೈಯಲ್ಲಿ ದಾರ ಹಿಡಿಸಿ ಎರಡೂ ಒಂದೇ ನೇರಕ್ಕಿವೆಯೇ ಎಂದು ಅಳೆದರು. ಆ ಕಣ್ಣುಗಳಿಗೆ ಸಂಬಂಧ ಬಾಗಿಲು ಮುಚ್ಚುವುದಕ್ಕೆ ಮಾತ್ರ, ತೆರೆಯುವುದಕ್ಕೆ ಅಲ್ಲ ಎಂದು ನನಗೆ ಗೊತ್ತಾದದ್ದು ಸಂಜೆ. ಬೆಳಿಗ್ಗೆ ನಾನು ಭಕ್ತಿಯಿಂದ ದಾರ ಹಿಡಿದಿದ್ದೆ.

ಮುಂದಿನ ನಿರ್ಣಯ: ಬಾಗಿಲ ಕೆಳಗಿನ ರಬ್ಬರ್ ಪಟ್ಟಿ ಹಿಮಕ್ಕೆ ನೆಲಕ್ಕೆ ಅಂಟಿದೆ.

"ಒಂದು ಗೇಣು ಎದ್ದಿತ್ತಲ್ಲ ಭಾವ?"

"ಎದ್ದ ಹಾಗೆ ಕಂಡಿರತ್ತೆ."

ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಮುಂಬಾಗಿಲಿನಿಂದ ಸುತ್ತಿಕೊಂಡು ಹೋಗಿ, ಹೊರಗಿನಿಂದ ಉದ್ದಕ್ಕೂ ಸುರಿದದ್ದಾಯಿತು. ಹಬೆ ಎದ್ದ ದೃಶ್ಯವೇನೋ ಭವ್ಯವಾಗಿತ್ತು. ಐದು ನಿಮಿಷದಲ್ಲಿ ಆ ನೀರೆಲ್ಲ ಗಾಜಿನಂತೆ ಹೆಪ್ಪುಗಟ್ಟಿತು. ಇಲ್ಲದ ರೋಗಕ್ಕೆ ಮದ್ದು ಕೊಟ್ಟು ಆ ರೋಗವನ್ನೇ ತರಿಸಿಕೊಂಡೆವು. ಪರೀಕ್ಷಿಸಲು ಹೋದ ಭಾವ ಜಾರಿ, ಪಾತ್ರೆ ಸಮೇತ ಕೂತರು. ಎದ್ದು, ಸುತ್ತ ನೋಡಿ, "ಸ್ಲೋಪ್ ಸರಿಯಿಲ್ಲ ನಿಮ್ಮ ಡ್ರೈವ್‌ವೇದು" ಎಂದರು.

ನಾನು ಇಷ್ಟು ಹೊತ್ತಿಗೆ ರಾತ್ರಿಯ ಢಂ ಶಬ್ದದ ವಿಷಯ ಹೇಳಬೇಕಿತ್ತು. ಹೇಳಿದರೆ ಎಚ್ಚರವಿದ್ದದ್ದನ್ನೂ ಒಪ್ಪಿಕೊಳ್ಳಬೇಕು. ಹೆಂಡತಿ ಅಲ್ಲೇ ಬಾಗಿಲಲ್ಲಿ ಶಾಲು ಹೊದ್ದು ನಿಂತಿದ್ದಳು. ಭಾವನ ಸೊಂಟಕ್ಕಿಂತ ಮನೆಯ ಶಾಂತಿ ದೊಡ್ಡದು ಎಂದುಕೊಂಡೆ.

ಭಾವ ಏಣಿ ಹತ್ತಿದರು. ಮೋಟರಿನಿಂದ ಜೋತುಬಿದ್ದ ಕೆಂಪು ಹಿಡಿಯನ್ನು ಎಳೆದರೆ ಬಾಗಿಲಿಗೂ ಮೋಟರಿಗೂ ಸಂಬಂಧ ಬಿಡುತ್ತದೆ, ಆಗ ಕೈಯಲ್ಲೇ ಎತ್ತಬಹುದು. ಏಣಿಯ ಮೇಲಿನಿಂದಲೇ ಉಪನ್ಯಾಸವೂ ಆಯಿತು: "ಈ ಮೇಲಕ್ಕೇಳೋ ಬಾಗಿಲು ಕಂಡುಹಿಡಿದಿದ್ದು 1921ರಲ್ಲಿ, ಸಿ. ಜಿ. ಜಾನ್ಸನ್ ಅಂತ. ಐದು ವರ್ಷಕ್ಕೆ, ಇಲ್ಲೇ ಪಕ್ಕದ ಇಂಡಿಯಾನಾದಲ್ಲಿ, ಮೋಟರನ್ನೂ ಅವನೇ ಮಾಡಿದ. ಯಾಕೆ ಗೊತ್ತಾ? ಹೆಂಗಸರಿಗೆ ಎತ್ತೋಕೆ ಕಷ್ಟ ಅಂತ." ಇಸವಿಗಳು ಸರಿ ಎಂದು ಆಮೇಲೆ ನೋಡಿ ತಿಳಿದುಕೊಂಡೆ, ಹೆಂಗಸರ ವಿಷಯ ಭಾವನದೇ ಸಂಶೋಧನೆ. ಇಳಿದು ಬಂದು ಇಬ್ಬರೂ ಸೇರಿ ಎತ್ತಿದೆವು. ಅಕ್ಕಿ ಮೂಟೆ ಎತ್ತಿದ ಹಾಗೆ. ಮೊಣಕಾಲಿನ ತನಕ ಬಂದದ್ದು ಧೊಪ್ಪೆಂದು ವಾಪಸ್. ನನ್ನ ಬೆನ್ನಲ್ಲಿ ಏನೋ ಲಟಕ್ಕೆಂದಿತು.

ಆ ಸದ್ದು ಕೇಳಿಯೇ ಹೆಂಡತಿಗೆ ನೆನಪಾಯಿತು. "ಭಾವ, ರಾತ್ರಿ ಎರಡು ಗಂಟೆಗೆ ಢಂ ಅಂತ ಸದ್ದಾಯ್ತು. ಇವರು ಮಲಗಿದ್ದರು. ಅದಕ್ಕೂ ಇದಕ್ಕೂ ಏನಾದರೂ..."

ಭಾವ ಮೆಲ್ಲಗೆ ತಲೆ ಎತ್ತಿದರು. ಹಣೆಯ ಟಾರ್ಚು ಅಂದು ಮೊದಲ ಸಲ ಬಾಗಿಲ ನೆತ್ತಿಯ ಮೇಲೆ ಬಿತ್ತು. ಅಲ್ಲಿ ಕಬ್ಬಿಣದ ದಂಡಕ್ಕೆ ಸುತ್ತಿಕೊಂಡ ಎರಡು ದಪ್ಪ ಸ್ಪ್ರಿಂಗುಗಳು. ಒಂದು ನಡುವೆ ತುಂಡಾಗಿ, ಎರಡು ಬೆರಳು ಹಿಡಿಸುವಷ್ಟು ಸಂದು ಬಿಟ್ಟುಕೊಂಡಿತ್ತು. ಬಾಗಿಲಿನ ಭಾರ ಹೊರುವುದು ಮೋಟರಲ್ಲ, ಆ ಸ್ಪ್ರಿಂಗುಗಳು. ಸಾಮಾನ್ಯವಾಗಿ ಅವುಗಳ ಆಯುಸ್ಸು 10,000 ಸಲ ಏರಿಳಿಯುವಷ್ಟು. ದಿನಕ್ಕೆ ಮೂರು ಸಲ ಎಂದರೆ ಒಂಬತ್ತು ವರ್ಷ. ನಾವು ಈ ಹೊಸ ಮನೆ ಹೊಕ್ಕು ಅಷ್ಟೇ ಆಗಿತ್ತು.

ಭಾವ ಉದ್ದದ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡರು. ಇನ್ನೊಂದು ಸ್ಪ್ರಿಂಗ್ ಬಿಗಿಯಾಗೇ ಇತ್ತು. ಅದರ ಸ್ಕ್ರೂ ಸಡಿಲಿಸಿದರೆ ಕೈಯಲ್ಲಿರುವ ಸಲಾಕೆ ಮುಖಕ್ಕೆ ಹಾರಬಹುದು. ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಸ್ಕ್ರೂಡ್ರೈವರ್ ಕೆಳಗಿಟ್ಟು, "ಇದು ನನ್ನ ಕೈಲಿ ಆಗಲ್ಲ. ಯಾರನ್ನಾದರೂ ಕರೆಸಿ" ಎಂದರು. ಅವರ ಬಾಯಲ್ಲಿ ಆ ಮಾತು ನಾನು ಕೇಳಿರಲಿಲ್ಲ. ಹಣೆಯ ಟಾರ್ಚು ಆರಿಸುವುದನ್ನೂ ಮರೆತು ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತರು.

ಅವರ ಈ ರಿಪೇರಿ ಹುಚ್ಚು ಹಳೆಯದು. 1995ರಲ್ಲಿ ಅವರು ಇಲ್ಲಿಗೆ ಬಂದಾಗ ಕೊಂಡ ಹಳೇ ಕಾರಿನ ಆಲ್ಟರ್ನೇಟರ್ ಮೊದಲ ಚಳಿಗಾಲದಲ್ಲೇ ಸತ್ತಿತಂತೆ. ಮೆಕ್ಯಾನಿಕ್ ಕೇಳಿದ್ದು ಕಾರಿನ ಅರ್ಧ ಬೆಲೆ. ಲೈಬ್ರರಿಯಿಂದ ಪುಸ್ತಕ ತಂದು, ಪಾರ್ಕಿಂಗ್ ಜಾಗದಲ್ಲಿ ತಾವೇ ಬದಲಾಯಿಸಿದರಂತೆ. ನಾನು ಮೊದಲ ಸಲ ಈ ಕಥೆ ಕೇಳಿದಾಗ ಆ ದಿನದ ಚಳಿ ಸೊನ್ನೆ ಡಿಗ್ರಿ ಇತ್ತು, ಈಗ ಮೈನಸ್ ಹದಿನೆಂಟಕ್ಕೆ ಇಳಿದಿದೆ. ಇರಲಿ. 2007ರಲ್ಲಿ ನನ್ನ ಮಗಳು ಹುಟ್ಟುವ ಹಿಂದಿನ ರಾತ್ರಿ ನಾನು ತೊಟ್ಟಿಲ ಮಂಚದ ತುಂಡುಗಳ ನಡುವೆ ಅಳುವ ಸ್ಥಿತಿಯಲ್ಲಿ ಕೂತಿದ್ದಾಗ, ಹನ್ನೊಂದು ಗಂಟೆಗೆ ಬಂದು ಬೆಳಗಿನ ಜಾವದ ತನಕ ಜೋಡಿಸಿದವರು ಇವರೇ. ಎರಡು ಸ್ಕ್ರೂ ಮಿಕ್ಕಿತ್ತು. "ಎಕ್ಸ್‌ಟ್ರಾ ಕೊಟ್ಟಿರ್ತಾರೆ" ಎಂದರು. ಮಂಚ ಒಂದು ದಿನವೂ ಅಲ್ಲಾಡಲಿಲ್ಲ. ಮಗಳು ಈಗ ಅರ್ಬಾನಾದಲ್ಲಿ ಕಾಲೇಜು ಓದುತ್ತಿದ್ದಾಳೆ, ಆ ಎರಡು ಸ್ಕ್ರೂ ಡ್ರಾಯರಿನಲ್ಲಿವೆ. ಭಾವನ ಇಬ್ಬರು ಹುಡುಗರೂ ಕ್ಯಾಲಿಫೋರ್ನಿಯಾ ಸೇರಿದ್ದಾರೆ. ಏನಾದರೂ ಕೆಟ್ಟರೆ ಆ್ಯಪ್ ಒತ್ತಿ ಯಾರನ್ನೋ ಕರೆಸುತ್ತಾರೆ, ಅಪ್ಪನಿಗೆ ಹೇಳುವುದೂ ಇಲ್ಲ.

ಮಧ್ಯಾಹ್ನ ಮೆಕ್ಯಾನಿಕ್ ಬಂದ. ಬಾಗಿಲು ದಾಟಿ ಒಳಗೆ ಬಂದವನೇ ತಲೆ ಎತ್ತಿ ನೋಡಿದ, ಅಷ್ಟೆ. ಎರಡೂ ಸ್ಪ್ರಿಂಗ್ ಒಂದೇ ವಯಸ್ಸಿನವು, ಇನ್ನೊಂದೂ ಇವತ್ತೋ ನಾಳೆಯೋ ಹೋಗುತ್ತದೆ ಎಂದು ಎರಡನ್ನೂ ಬದಲಿಸಿದ. ಎರಡು ಉಕ್ಕಿನ ಸಲಾಕೆ ತೂರಿಸಿ, ಒಂದೊಂದು ಸಲಕ್ಕೆ ಕಾಲು ಸುತ್ತಿನಂತೆ ಬಿಗಿದ. ಭಾವ ಪಕ್ಕದಲ್ಲೇ ನಿಂತು ಗಟ್ಟಿಯಾಗಿ ಕನ್ನಡದಲ್ಲಿ ಎಣಿಸಿದರು. "ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು." ಪ್ರಾರ್ಥನೆ ಇರಬೇಕು ಎಂದುಕೊಂಡನೋ ಏನೋ, ಅವನು ಟೋಪಿ ತೆಗೆದು ಮುಗುಳ್ನಕ್ಕ. ಮುರಿದ ಸ್ಪ್ರಿಂಗನ್ನು ಭಾವ ಕೇಳಿ ಇಸಕೊಂಡು, ಹಳೇ ಟವೆಲಿನಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟುಕೊಂಡರು.

ರಾತ್ರಿ ಒಂಬತ್ತೂವರೆಗೆ ಫೋನ್ ಬಂತು.

"ಅಲ್ರೀ, ಎರಡನೇ ಸ್ಪ್ರಿಂಗಿಗೆ ಅವನು ಮೂವತ್ತೊಂದು ಕೊಟ್ಟ. ನಾನು ಎಣಿಸಿದೀನಿ. ಬಾಗಿಲು ಸ್ವಲ್ಪ ಹಗುರಾಗಿ ಏಳ್ತಿಲ್ವಾ?"

"ಚೆನ್ನಾಗೇ ಏಳ್ತಿದೆ ಭಾವ."

"ಅದೇ ಹೇಳಿದ್ದು, ಅಷ್ಟು ಚೆನ್ನಾಗಿ ಏಳಬಾರದು. ಭಾನುವಾರ ಬಂದು ನೋಡ್ತೀನಿ. ಬೆನ್ನು ಹೇಗಿದೆ?"

"ಪರವಾಗಿಲ್ಲ. ಬನ್ನಿ, ಊಟಕ್ಕೇ ಬನ್ನಿ" ಎಂದೆ. ಸ್ಪ್ರಿಂಗ್ ಮಾತ್ರ ಮುಟ್ಟಬೇಡಿ ಎನ್ನುವಷ್ಟರಲ್ಲಿ ಫೋನ್ ಇಟ್ಟಿದ್ದರು.