ಸಂಕಲ್ಪಣ್ಣನ ಡೈರಿ

ಭಿವಂಡಿಯ ಧಾಮಣಕರ್ ನಾಕಾದ ಹತ್ತಿರ ಒಂದು ಉಡುಪಿ ಹೋಟೆಲು. ಅದರ ಗಲ್ಲೆಯಲ್ಲಿ ನಮ್ಮ ಸಂಕಲ್ಪಣ್ಣ ಕೂತಿರುತ್ತಾರೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ, ಇದು ಗಿರಾಕಿಗಳು ಇಟ್ಟದ್ದು. ತಲೆಯ ಮೇಲೆ ಗಣೇಶಪುರಿಯ ನಿತ್ಯಾನಂದ ಸ್ವಾಮಿಗಳ ಪಟ, ಎದುರಿಗೆ ಸೋಂಪಿನ ಬಟ್ಟಲು, ಪಕ್ಕದಲ್ಲಿ ಬ್ಯಾಂಕಿನವರು ಕೊಟ್ಟ ಡೈರಿ. ಒಂದು ಕೌಪೀನ ಬಿಟ್ಟರೆ ಏನೂ ಬೇಡವೆಂದ ಸ್ವಾಮಿಗಳ ಅಡಿಯಲ್ಲೇ ಕೂತು ಸಂಕಲ್ಪಣ್ಣ ಪ್ರತಿ ಜನವರಿ 1ರಂದು ಏಳೆಂಟು ‘ಬೇಕು’ಗಳನ್ನು ಕೆಂಪು ಶಾಯಿಯಲ್ಲಿ ಬರೆಯುತ್ತಾರೆ.

ಚಾ ದಿನಕ್ಕೆ ಎರಡೇ. ಬೆಳಿಗ್ಗೆ ವರಾಳದೇವಿ ಕೆರೆಯ ಹತ್ತಿರ ವಾಕಿಂಗ್. ನಾಸಿಕದ ಮುಕ್ತ ವಿಶ್ವವಿದ್ಯಾಲಯದಿಂದ ಬಿ.ಎ. ಚೆಂಡೆ ಕಲಿಕೆ. ಕೊನೆಯದಾಗಿ, ಎರಡು ಗೆರೆ ಎಳೆದು: ‘ಇನ್ನೆರಡು ವರ್ಷದಲ್ಲಿ ಊರಿಗೆ ಹೋಗಿ ಅಡಿಕೆ ತೋಟ.’ ಈ ‘ಇನ್ನೆರಡು ವರ್ಷ’ಕ್ಕೆ ಈಗ ಇಪ್ಪತ್ತು ತುಂಬಿದೆ.

ಹೊಸದರಲ್ಲಿ ಅಗಸ ಗೋಣಿಯನ್ನೂ ಎತ್ತೆತ್ತಿ ಒಗೆದನಂತೆ. ಸಂಕಲ್ಪಣ್ಣ ಗೋಣಿ ನೆನೆಸುವ ಮೊದಲೇ ಊರಿಗೆಲ್ಲ ಹೇಳಿ ಬರುತ್ತಾರೆ. ವಾಕಿಂಗ್ ಬೂಟು ತಂದ ದಿನ ಅದನ್ನು ಗಲ್ಲೆಯ ಮೇಲೇ ಇಟ್ಟುಕೊಂಡಿದ್ದರು. ದುಡ್ಡು ಕೊಡಲು ಬಂದ ಮಗ್ಗದ ಕೆಲಸಗಾರರು, ಗೋದಾಮಿನ ಗುಮಾಸ್ತರು, ರಿಕ್ಷಾದವರು ಎಲ್ಲರೂ ಬೂಟನ್ನು ಮುಟ್ಟಿ ನೋಡಿ ಶಹಬ್ಬಾಸ್ ಅಂದರು. ಆ ಖುಷಿಗೆ ಸಂಕಲ್ಪಣ್ಣ ಎರಡು ತಟ್ಟೆ ಶೀರಾ ತಿಂದರು. ಮರುದಿನ ಮಳೆ. ಮೂರನೆಯ ದಿನ ಧೂಳು. ನಾಲ್ಕನೆಯ ದಿನ ಕಂಟೇನರ್ ಲಾರಿಗಳ ಸಾಲು.

“ಎಂತ ಸಂಕಲ್ಪಣ್ಣ, ಬೂಟು ಎಲ್ಲಿ?” ಅಂತ ಕೇಳಿದೆ.

“ನೀವೊಬ್ಬರು ಮಾರಾಯ್ರೆ! ಠಾಣೆ–ಭಿವಂಡಿ–ಕಲ್ಯಾಣ ಮೆಟ್ರೋಗೆ 2018ರಲ್ಲಿ ಶಂಕುಸ್ಥಾಪನೆ ಆಯ್ತು. ಅದಕ್ಕಾದರೆ ಜನ ವರ್ಷಗಟ್ಟಲೆ ಕಾಯ್ತಾರೆ. ನನಗೆ ನಾಲ್ಕು ದಿನ ಕೊಡ್ಲಿಕ್ಕೆ ಆಗುದಿಲ್ವಾ?”

ಹೇಳದೆ ಮಾಡುವವರು, ಹೇಳಿ ಮಾಡುವವರು, ಹೇಳಿಯೂ ಮಾಡದವರು ಎಂದು ಸರ್ವಜ್ಞ ಜನರನ್ನು ಮೂರು ಪಂಕ್ತಿಯಲ್ಲಿ ಕೂರಿಸಿದ. ಮೂರನೆಯವರು ಯಾಕೆ ಮಾಡುವುದಿಲ್ಲ ಎಂಬುದನ್ನು 2009ರಲ್ಲಿ ಪೀಟರ್ ಗೋಲ್‌ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞರೂ ಅವರ ಸಂಗಡಿಗರೂ ಪರೀಕ್ಷೆ ಮಾಡಿ ನೋಡಿದರು. ‘ನಾನು ಇಂಥವನಾಗುತ್ತೇನೆ’ ಎಂದದ್ದನ್ನು ನಾಲ್ಕು ಜನ ಕೇಳಿ ತಲೆಯಾಡಿಸಿದರೆ, ಆಗಿಬಿಟ್ಟ ಸುಖ ಅಲ್ಲೇ ಅರ್ಧ ಸಿಕ್ಕಿಬಿಡುತ್ತದೆ, ದುಡಿಮೆ ಸಡಿಲವಾಗುತ್ತದೆ. ನಮ್ಮವರಿಗೆ ಆ ಸುಖ ಶೀರಾದೊಂದಿಗೇ ಜೀರ್ಣವಾಗಿತ್ತು.

ಮಗ್ಗದ ಊರಲ್ಲಿದ್ದೂ ಅವರಿಗೆ ಹಾಸು-ಹೊಕ್ಕಿನ ಲೆಕ್ಕ ಹತ್ತಲಿಲ್ಲ. ಹಿಂದಿನ ಗಲ್ಲಿಯಲ್ಲಿ ಮಗ್ಗಗಳು ಹಗಲೂ ರಾತ್ರಿ ಖಟಖಟ ಅನ್ನುತ್ತವೆ. ಸಾವಿರಾರು ಎಳೆಗಳ ಹಾಸನ್ನು ಬೀಮಿಗೆ ಸುತ್ತಿ ಒಮ್ಮೆ ಏರಿಸಿದರೆ ಎಷ್ಟೋ ದಿನ ಸಾಕು. ನೋಡಲಿಕ್ಕೂ ಚೆಂದ. ಆದರೆ ಬಟ್ಟೆ ಆಗುವುದು ಹೊಕ್ಕಿನಿಂದ. ಲಾಳಿ ನಿಮಿಷಕ್ಕೆ ನೂರು ಸಲಕ್ಕೂ ಹೆಚ್ಚು ಅತ್ತಿತ್ತ ಓಡಬೇಕು, ಒಂದೊಂದು ಓಟಕ್ಕೆ ಒಂದೊಂದೇ ಎಳೆ. ನೇಕಾರನಿಗೆ ಕೂಲಿ ಸಿಗುವುದೂ ನೇಯ್ದ ಮೀಟರಿಗೆ. ಸಂಕಲ್ಪಣ್ಣ ವರ್ಷ ವರ್ಷ ಹಾಸು ಏರಿಸುತ್ತಾರೆ. ಲಾಳಿ ಮುಟ್ಟುವ ಹೊತ್ತಿಗೆ ಬೇಜಾರು. ಹಾಸು ಸರಿಯಿಲ್ಲವೆಂದು ಬಿಚ್ಚಿ ಇನ್ನೊಂದು ಏರಿಸುತ್ತಾರೆ.

ಅವರ ಸೋದರಮಾವ ಮುಂಬಯಿಯ ಹೋಟೆಲೊಂದರಲ್ಲಿ ಹಗಲು ಲೋಟ ತೊಳೆದು, ಕನ್ನಡ ರಾತ್ರಿಶಾಲೆಯಲ್ಲಿ ಓದಿ ಮೆಟ್ರಿಕ್ ಮುಗಿಸಿದವರು. “ಮಾವನಿಗೆ ಭಯಂಕರ ಛಲ” ಎಂದು ಸಂಕಲ್ಪಣ್ಣ ಹೆಮ್ಮೆಪಡುತ್ತಾರೆ. ಮಾವನನ್ನೇ ಕೇಳಿದರೆ, “ಛಲ ಎಂತದು? ಗಂಟೆ ಹೊಡೀತಿತ್ತು, ಮಾಸ್ಟ್ರು ಹಾಜರಿ ಕರೀತಿದ್ರು, ಹೋಗದಿದ್ರೆ ಮರುದಿನ ಹೋಟೆಲಿಗೇ ಬಂದು ಕೇಳ್ತಿದ್ರು” ಅನ್ನುತ್ತಾರೆ.

ಮೊನ್ನೆ ಚಿಲ್ಲರೆಗೆ ಕಾಯುತ್ತಾ ಕಳೆದ ವರ್ಷದ ಡೈರಿಯನ್ನು ತಿರುವಿಹಾಕಿದೆ. ಕೆಂಪು ಶಾಯಿ ಜನವರಿ 4ಕ್ಕೆ ಮುಗಿದಿತ್ತು. 5ರಿಂದ ನೀಲಿ ಶಾಯಿ: ‘ಹಾಲು 40 ಲೀ.’, ‘ಹಾಲು 42 ಲೀ.’, ‘ಹಾಲು 38 ಲೀ., ಒಂದು ಕ್ಯಾನು ಒಡೆದದ್ದು.’ ಶಿವರಾತ್ರಿಯಂದೂ ಇತ್ತು, ಗಣೇಶ ಚೌತಿಯಂದೂ ಇತ್ತು, ರಸ್ತೆಯೆಲ್ಲ ನೀರಾದ ಜುಲೈಯಲ್ಲೂ ಇತ್ತು. ಡಿಸೆಂಬರ್ 31ರವರೆಗೆ ಒಂದು ದಿನವೂ ತಪ್ಪಿರಲಿಲ್ಲ.

“ಇದು ಹೇಗೆ ತಪ್ಪಲಿಲ್ಲ?” ಅಂದೆ.

“ತಪ್ಪುದು ಹೇಗೆ ಮಾರಾಯ್ರೆ? ನಾಲ್ಕೂವರೆಗೆ ಹಾಲಿನವ ಬಂದು ಶಟರ್ ಬಡೀತಾನಲ್ಲ!”

ಓದುಗರೇ, ಬರುವ ವರ್ಷ ಹೊಸ ಡೈರಿ ಕೊಳ್ಳಬೇಡಿ. ನಿಮ್ಮ ಸಂಕಲ್ಪಕ್ಕೊಬ್ಬ ಹಾಲಿನವನನ್ನು ಗೊತ್ತುಮಾಡಿಕೊಳ್ಳಿ.