ಸೋತವನ ಹೆಬ್ಬೆರಳು ಮೊದಲು ನನ್ನ ಮೇಲೆ: ಹಿಂದಿನ ಟೈರಿನ ಸಂದರ್ಶನ

ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಂ ಎಂಬ ಊರಿನಲ್ಲಿ ಪ್ರತಿ ಮೇ ತಿಂಗಳು ಒಂದು ವಾರ ಬೈಕುಗಳ ಜಾತ್ರೆ. ಹೆಸರು ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್. 1909ರಲ್ಲಿ ಐದು ದಿನದ ಸ್ಪರ್ಧೆಯಾಗಿ ಶುರುವಾದದ್ದು, 1911ಕ್ಕೆ ಆರು ದಿನವಾಯಿತು. ಇಲ್ಲಿ ವೇಗಕ್ಕೆ ಮರ್ಯಾದೆಯಿಲ್ಲ. ಬಂಡೆ, ಹಳ್ಳ, ಪಾಚಿಗಟ್ಟಿದ ಬೇರು ಎಲ್ಲವನ್ನೂ ಕಾಲು ಊರದೆ ದಾಟಬೇಕು. ಒಂದು ಸಲ ಊರಿದರೆ ಒಂದು ದಂಡ, ಎರಡು ಸಲಕ್ಕೆ ಎರಡು, ಮೂರಕ್ಕೂ ಮೂವತ್ತಕ್ಕೂ ಮೂರೇ. ಬಿದ್ದರೆ ಐದು. ಇಂಥ ಒಂದೊಂದು ತುಂಡು ದಾರಿಗೆ ಸೆಕ್ಷನ್ ಎಂದು ಹೆಸರು; ದಿನಕ್ಕೆ 30 ಸೆಕ್ಷನ್. ವಾರದ ಕೊನೆಗೆ ಯಾರ ದಂಡ ಕಡಿಮೆಯೋ ಅವನು ಗೆದ್ದ.

ಸಾಯಂಕಾಲ ಬೈಕುಗಳನ್ನೆಲ್ಲ ಬೇಲಿಯೊಳಗೆ ನಿಲ್ಲಿಸಿ ಕಾವಲು ಹಾಕುತ್ತಾರೆ. ಬೆಳಗಾಗುವವರೆಗೆ ಸವಾರನೂ ತನ್ನ ಬೈಕು ಮುಟ್ಟುವಂತಿಲ್ಲ. ಮೈಮೇಲೆ ಯಾರ ಕೈಯೂ ಇಲ್ಲದ ಆ ಹೊತ್ತಿನಲ್ಲಿ ಬೇಲಿಯಾಚೆಯಿಂದಲೇ ಮಾತಿಗೆ ಸಿಕ್ಕವರು, ಮಧ್ಯಮ ದರ್ಜೆಯ ಸವಾರನೊಬ್ಬನ ಬೈಕಿನ ಹಿಂದಿನ ಟೈರು.

ಪ್ರಶ್ನೆ: ನಮಸ್ಕಾರ. ಮೊದಲು ತಮ್ಮ ಪರಿಚಯ?

ಟೈರು: 4.00-18, ಟ್ಯೂಬ್‌ಲೆಸ್. ಮುಂದೆ ಇದ್ದಾನಲ್ಲ, ಅವನು 2.75-21. ಉದ್ದ, ತೆಳ್ಳಗೆ, ಹೊಟ್ಟೆಯಲ್ಲಿ ಟ್ಯೂಬು. ಅವನ ಕೆಲಸ ದಾರಿ ತೋರಿಸೋದು, ನನ್ನ ಕೆಲಸ ಹೊತ್ತುಕೊಂಡು ಹೋಗೋದು. ಫೋಟೋ ಮಾತ್ರ ಅವನದೇ ಚೆನ್ನಾಗಿ ಬರೋದು.

ಪ್ರಶ್ನೆ: ಈ ಊರು ನಿಮಗೆ ಹೊಸದಾ?

ಟೈರು: ಹೊಸದೇನು, ನಮ್ಮ ವಂಶವೇ ಈ ಸೀಮೆಯದು. ಗಾಳಿ ತುಂಬಿದ ಚಕ್ರಕ್ಕೆ 1845ರಲ್ಲೇ ಪೇಟೆಂಟ್ ತಗೊಂಡ ರಾಬರ್ಟ್ ವಿಲಿಯಂ ಥಾಮ್ಸನ್ ಸ್ಕಾಟ್ಲೆಂಡಿನ ಸ್ಟೋನ್‌ಹೇವನ್‌ನವನು. ಜನ ಕ್ಯಾರೇ ಅನ್ನಲಿಲ್ಲ, ಮರೆತರು. ನಲವತ್ತು ವರ್ಷದ ಮೇಲೆ ಬೆಲ್‌ಫಾಸ್ಟಿನಲ್ಲಿ ದನಕರುಗಳ ಡಾಕ್ಟರಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರು ಚಕ್ರದ ಸೈಕಲ್ಲಿಗೆ ರಬ್ಬರ್ ಕೊಳವೆ ಸುತ್ತಿ, 1888ರಲ್ಲಿ ತಾನೇ ಮೊದಲು ಅಂತ ಪೇಟೆಂಟ್ ತಗೊಂಡ. ಅವನೂ ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲೇ. ಆಮೇಲೆ ಥಾಮ್ಸನ್‌ನ ಹಳೇ ಕಾಗದ ಹೊರಗೆ ಬಂತು, ಡನ್‌ಲಪ್‌ನ ಪೇಟೆಂಟ್ ಬಿದ್ದುಹೋಯಿತು. ಹುಟ್ಟಿದಾಗಿನಿಂದ ನಮ್ಮದು ತಕರಾರಿನ ಬದುಕು ಅಂತ ಬರ್ಕೊಳ್ಳಿ.

ಪ್ರಶ್ನೆ: ನೇರವಾಗಿ ವಿಷಯಕ್ಕೇ ಬರ್ತೀನಿ. ನಿಮ್ಮೊಳಗೆ ಗಾಳಿ ಎಷ್ಟಿದೆ?

ಟೈರು: ಹೆಚ್ಚೂಕಮ್ಮಿ 5 ಪಿಎಸ್‌ಐ. ಮುಂದಿನವನಿಗೆ 6.

ಪ್ರಶ್ನೆ: ಐದಾ! ನಮ್ಮೂರ ಬಂಕಿನಲ್ಲಿ ಬೈಕಿನ ಹಿಂದಿನ ಚಕ್ರಕ್ಕೆ 30 ಹಾಕ್ತಾರೆ. ನಿಮ್ಮನ್ನು ತಗೊಂಡು ಹೋದರೆ ಹುಡುಗ ಪಂಪು ಎತ್ತೋ ಮೊದಲೇ "ಪಂಕ್ಚರ್ ಆಗಿದೆ ಸಾರ್" ಅಂತಾನೆ.

ಟೈರು: ಅವನ ಕಣ್ಣು ಸರಿಯಾಗೇ ಇದೆ. ರಸ್ತೆ ಲೆಕ್ಕದಲ್ಲಿ ನಾನು ಪಂಕ್ಚರೇ. ಆದರೆ ನನಗೆ ರಸ್ತೆಯಲ್ಲ, ಬಂಡೆ. ಒಂದು ಲೆಕ್ಕ ಹಾಕಿ. ಬೈಕು, ಸವಾರ ಇಬ್ಬರದ್ದೂ ಸೇರಿ 150 ಕೆಜಿ, ಅರ್ಧ ನನ್ನ ಮೇಲೆ ಅಂದ್ಕೊಳ್ಳಿ. 30ಕ್ಕೆ ಗಾಳಿ ತುಂಬಿದರೆ ಆ ಭಾರ ಹೊರೋಕೆ ನೆಲಕ್ಕೆ ತಾಗಬೇಕಾದ ಜಾಗ 35 ಚದರ ಸೆಂಟಿಮೀಟರ್ ಆಸುಪಾಸು. 5ಕ್ಕೆ ಇಳಿಸಿದರೆ 210. ನನ್ನ ರಬ್ಬರಿಗೂ ಸ್ವಲ್ಪ ಬಿಗಿ ಇರೋದರಿಂದ ಅಷ್ಟೂ ಸಿಗಲ್ಲ, ಆದರೂ ಅಜಗಜಾಂತರ. 30ರಲ್ಲಿ ನಾನು ಕಲ್ಲಿನ ಮೂತಿಗೆ ಬಡಿದು ಪುಟಿದು ಪಕ್ಕಕ್ಕೆ ಸರಿದುಬಿಡ್ತೀನಿ. 5ರಲ್ಲಿ ಕಲ್ಲೇ ನನ್ನೊಳಗೆ ಇಳಿಯತ್ತೆ. ಅದರ ಮೂಲೆ, ಬಿರುಕು, ನೀರು ಜಿನುಗೋ ಸಂದು, ಒಂದೊಂದಕ್ಕೂ ನನ್ನ ಮೈಮೇಲಿನ ಒಂದೊಂದು ರಬ್ಬರ್ ಗುಬ್ಬಿ ಹೋಗಿ ಕೂತ್ಕೊಳ್ಳತ್ತೆ. ಕಿನ್‌ಲಾಕ್‌ಲೆವೆನ್‌ನಲ್ಲಿ ಅಲ್ಯೂಮಿನಿಯಂ ಕಾರ್ಖಾನೆಗೆ ಅಂತ ಹಾಕಿದ ನೀರಿನ ಪೈಪುಗಳ ಪಕ್ಕ ಒಂದು ಏರಿದೆ, ಪೈಪ್‌ಲೈನ್ ಅಂತಲೇ ಹೆಸರು. ಸಡಿಲ ಕಲ್ಲು, ಕಡಿದಾದ ದಾರಿ, ನೋಡೋಕೆ ನಿಂತ ಜನ. ಅಲ್ಲಿ ಗುಬ್ಬಿಗಳಿಗೆ ಕೂರೋಕೆ ಪುರುಸೊತ್ತು ಸಿಗಲಿಲ್ಲ ಅಂದ್ರೆ ಚಕ್ರ ನಿಂತಲ್ಲೇ ತಿರುಗತ್ತೆ, ಸವಾರ ಕೆಳಗೆ ಬರ್ತಾನೆ.

ಪ್ರಶ್ನೆ: ಹಾಗಾದರೆ ಗಾಳಿ ಕಡಿಮೆ ಆದಷ್ಟೂ ಒಳ್ಳೆಯದು ಅಂತಾಯ್ತು.

ಟೈರು: ಅಯ್ಯೋ, ನೀವೂ ಅದೇ ಜಾತಿಯವರಾ? ಮದ್ದು ಒಳ್ಳೇದು ಅಂತ ಬಾಟ್ಲಿಗೆ ಬಾಟ್ಲಿ ಕುಡಿಯೋ ಜಾತಿ. 5ರಲ್ಲಿ ಹಿಡಿತ ಬಂತು ಅಂದ ಕೂಡಲೇ 4, ಅದಾದ ಮೇಲೆ 3, ಕೊನೆಗೆ "ವಾಲ್ವೇ ಕಿತ್ತುಬಿಡ್ಲಾ" ಅಂತ. ಅಡ್ಡ ಇಳಿಜಾರಿನಲ್ಲಿ ಹೋಗುವಾಗ ಏನಾಗತ್ತೆ ಅಂತ ನೋಡಿದ್ದೀರಾ? ಗುಬ್ಬಿ ಕಲ್ಲನ್ನು ಹಿಡಿದೇ ಇರತ್ತೆ, ಆದರೆ ನನ್ನ ಪಕ್ಕೆ ಮಡಚಿಕೊಂಡು ರಿಮ್ಮು ಇನ್ನೊಂದು ಕಡೆ ಜಾರತ್ತೆ. ಮೇಲಿರೋನಿಗೆ ಹಿಂದಿನಿಂದ ಯಾರೋ ಸೊಂಟ ಹಿಡಿದು ಎಳೆದ ಹಾಗೆ. ಎತ್ತರದ ಮೆಟ್ಟಿಲು ಏರಬೇಕಾದರೆ ಸ್ವಲ್ಪ ಪುಟಿಯೋಕೆ ನನಗೂ ಗಾಳಿ ಬೇಕು, ಖಾಲಿ ಹೊಟ್ಟೇಲಿ ಹಾರು ಅಂದ್ರೆ? ಚೂಪು ಕಲ್ಲಿಗೆ ರಿಮ್ಮು ಬಡಿದು ಟಣ್ ಅನ್ನತ್ತೆ. ನಾನು ಟ್ಯೂಬ್‌ಲೆಸ್, ನನ್ನ ಅಂಚು ರಿಮ್ಮಿಗೆ ಅಂಟಿಕೊಂಡಿದ್ದರೇ ಒಳಗಿನ ಗಾಳಿ ಉಳಿಯೋದು. ಜೋರಾಗಿ ತಿರುಚಿದರೆ ಅಂಚು ಒಂದು ಕ್ಷಣ ಬಾಯಿ ಬಿಡತ್ತೆ, ಪುಸ್! ಮುಂದಿನವನಿಗೆ ಬೇರೆ ಕಷ್ಟ. ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಒಂದೇ ಏಟಿಗೆ ಜೋಡಿ ತೂತು, ಹಾವು ಕಚ್ಚಿದ ಹಾಗೆ. ಅದಕ್ಕೇ ಅವನಿಗೆ ಒಂದು ಪಾಯಿಂಟ್ ಹೆಚ್ಚು. ಅವನೇನೋ ಅದು ತನ್ನ ಹಿರಿತನಕ್ಕೆ ಕೊಟ್ಟಿದ್ದು ಅಂದ್ಕೊಂಡಿದ್ದಾನೆ, ಇರಲಿ ಬಿಡಿ.

ಪ್ರಶ್ನೆ: ಗೇಜುಗಳ ಬಗ್ಗೆ ನಿಮಗೆ ಅಷ್ಟೇನೂ ಗೌರವ ಇಲ್ಲ ಅಂತ ಕೇಳಿದ್ದೀನಿ.

ಟೈರು: ಗೇಜಿನ ಮೇಲೆ ದ್ವೇಷ ಇಲ್ಲ. ಅದನ್ನು ದೇವರ ಅಪ್ಪಣೆ ಅಂದ್ಕೊಳ್ಳೋರನ್ನು ಕಂಡರೆ ಆಗಲ್ಲ. ಕಾರಿಗೆ ಹಿಡಿಯೋ ಗೇಜು 60ರ ತನಕ ತೋರಿಸತ್ತೆ. ಅದರಲ್ಲಿ ನೂರಕ್ಕೆ ಎರಡು ಪಾಲು ತಪ್ಪಿದ್ದರೂ 1.2 ಪಾಯಿಂಟ್ ಆಯ್ತು. 30 ಇರೋ ಕಾರಿಗೆ ಅದು ಲೆಕ್ಕಕ್ಕಿಲ್ಲ. ನನಗೆ? ಇರೋದೇ ಐದು, ಅದರಲ್ಲಿ ಕಾಲುಭಾಗ ಗೊತ್ತೇ ಇಲ್ಲ ಅಂದ ಹಾಗೆ! 15ರ ತನಕ ಮಾತ್ರ ತೋರಿಸೋ ಸಣ್ಣ ಗೇಜು ತಂದರೆ ಒಂದಿಷ್ಟು ನಂಬಬಹುದು. ಆದರೆ ನಮ್ಮ ಸವಾರನ ಚೀಲದಲ್ಲಿ ಮೂರು ಗೇಜು. ಒಂದು 4.5 ಅನ್ನತ್ತೆ, ಇನ್ನೊಂದು 5.2, ಮೂರನೆಯದು ಮುಳ್ಳು ಅಲ್ಲಾಡಿಸಿ ಸುಮ್ಮನಾಗತ್ತೆ. ಒಂದೊಂದು ಸಲ ಚುಚ್ಚಿದಾಗಲೂ ನನ್ನ ಗಾಳಿ ಒಂದೊಂದು ಗುಟುಕು ಹೊರಗೆ. ಮೂರೂ ಗೇಜು ಒಪ್ಪೋ ಹೊತ್ತಿಗೆ ಗಾಳಿ ಇರಬೇಕಲ್ಲ? ಇಷ್ಟರ ಮೇಲೆ ಪಕ್ಕದಲ್ಲಿ ನಿಂತ ಸ್ಪೇನಿನವನು "ಪಾಯಿಂಟ್ ಮೂರು" ಅಂತಾನೆ. ಅವನದು ಬಾರ್ ಲೆಕ್ಕ, ಇವರ ಪಿಎಸ್‌ಐಗೆ ತಂದರೆ 4.35. ಇವನು ಅದನ್ನ ಕೇಳಿ ರಾತ್ರಿಯೆಲ್ಲ ನಿದ್ದೆಗೆಟ್ಟ: ಆ 35 ನನಗ್ಯಾಕೆ ಬರ್ತಿಲ್ಲ?

ಪ್ರಶ್ನೆ: ಒಳ್ಳೆಯ ಗೇಜು ಇಟ್ಟುಕೊಂಡು ಬೆಳಗ್ಗೆ ಒಮ್ಮೆ ಸರಿ ಮಾಡಿಬಿಟ್ಟರೆ ದಿನಪೂರ್ತಿ ನಿಶ್ಚಿಂತೆ ಅಲ್ವಾ?

ಟೈರು: ಅಲ್ಲೇ ಎಡವೋದು. ಗೇಜು ಹೇಳೋದು ಹೊರಗಿನ ಗಾಳಿಗಿಂತ ಒಳಗಿನದು ಎಷ್ಟು ಹೆಚ್ಚು ಅಂತ. ಹೊರಗೇ ಸುಮಾರು 14.7 ಇದೆ. ಅಂದರೆ ನನ್ನೊಳಗೆ ನಿಜವಾಗಿ 19.7. ಬಿಸಿಲಿಗೆ ಉಬ್ಬೋದು ಆ ಪೂರ್ತಿ 19.7, ಬರೀ 5 ಅಲ್ಲ. ಬೆಳಗ್ಗೆ 5 ಡಿಗ್ರಿ ಚಳೀಲಿ 5 ಪಿಎಸ್‌ಐ ಇಟ್ಟವನು ಮಧ್ಯಾಹ್ನ ನನ್ನ ಮೈ 20 ಡಿಗ್ರಿಗೆ ಬಂದಾಗ ಚುಚ್ಚಿ ನೋಡಿದರೆ 6. ಐದಕ್ಕೆ ಒಂದು ಏರಿದರೆ ನೂರಕ್ಕೆ ಇಪ್ಪತ್ತು. ಇದೇ ಬಿಸಿಲಿಗೆ 30 ಇರೋ ಕಾರಿನ ಟೈರು 32.4 ಆಗತ್ತೆ, ನೂರಕ್ಕೆ ಎಂಟು. ಅದರ ಮೇಲೆ, ಈ ಊರು ಸಮುದ್ರದ ಮಟ್ಟದಲ್ಲಿದೆ, ಸೆಕ್ಷನ್‌ಗಳು ಗುಡ್ಡದಲ್ಲಿ. 300 ಮೀಟರ್ ಹತ್ತಿದರೆ ಹೊರಗಿನ ಗಾಳಿಯೇ ಅರ್ಧ ಪಾಯಿಂಟ್ ಕಮ್ಮಿ, ನನ್ನೊಳಗೆ ಅಷ್ಟು ಹೆಚ್ಚಿದ ಹಾಗೆ ಲೆಕ್ಕ. ಬೆಳಗಿನ 5 ಹೀಗೆ ಮಧ್ಯಾಹ್ನಕ್ಕೆ 6.5 ಆಗಿ ಕೂತಿರತ್ತೆ. ಅವನ ಕೈಲಿರೋ ಚೀಟಿಯಲ್ಲಿ ಇನ್ನೂ 5! ನಮ್ಮಲ್ಲಿ ಇಂಥ ಚೀಟಿಗೆ ಅನುಭವ ಅಂತ ಹೆಸರು.

ಪ್ರಶ್ನೆ: ಚಾಂಪಿಯನ್ನುಗಳು ಎಷ್ಟು ಇಡ್ತಾರೋ ಅಷ್ಟೇ ಇಟ್ಟರೆ?

ಟೈರು: ಈ ಸ್ಪರ್ಧೆಯನ್ನು ಹನ್ನೆರಡು ಸಲ ಗೆದ್ದ ಡಗಿ ಲ್ಯಾಂಪ್ಕಿನ್ ಎಷ್ಟು ಇಡ್ತಾನೆ ಅಂತ ಕೇಳೋರು ಬೇಕಾದಷ್ಟು. ಅವನ ತೂಕ ಎಷ್ಟು, ಕ್ಲಚ್ಚಿನ ಮೇಲೆ ಅವನ ಬೆರಳು ಎಷ್ಟು ಹದವಾಗಿ ಆಡತ್ತೆ ಅಂತ ಕೇಳೋರನ್ನು ಕಾಣೆ. ಹೊಟ್ಟೆಯಲ್ಲಿ ಇಪ್ಪತ್ತು ಕೆಜಿ ಹೆಚ್ಚು ಹೊತ್ತವನು ಅದೇ ಅಂಕಿ ಹಾಕಿಕೊಂಡು ಬಂದರೆ ರಿಮ್ಮು ಒಪ್ಪಲ್ಲ. ಇದೇ ಲ್ಯಾಂಪ್ಕಿನ್ 2016ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಟಿಟಿ ರೇಸಿನ ದಾರಿ, 60 ಕಿಲೋಮೀಟರ್ ಪೂರ್ತಿ, ಒಂದೇ ಚಕ್ರದ ಮೇಲೆ ಸುತ್ತಿ ಬಂದ. ಅವತ್ತು ಕೆಲಸ ಮಾಡಿದ್ದು ಹಿಂದಿನ ಟೈರು. ಮುಂದಿನವನು ಗಾಳಿಯಲ್ಲಿ ಸುಮ್ಮನೆ ತಿರುಗ್ತಾ ಇದ್ದ, ಅದಕ್ಕೂ ಅವನಿಗೆ ಒಂದು ಮೋಟರು ಇಟ್ಟಿದ್ದರು. ನನಗೆ ಹೊಟ್ಟೆಕಿಚ್ಚು ಅಂತ ಬರೀಬೇಡಿ.

ಪ್ರಶ್ನೆ: ಖಂಡಿತ ಬರೆಯಲ್ಲ. ನಿಮ್ಮ ದೊಡ್ಡ ದೂರು ಯಾವುದು?

ಟೈರು: ಹೆಬ್ಬೆರಳು. ಸೆಕ್ಷನ್ ಸಲೀಸಾಗಿ ದಾಟಿದವನು ನನ್ನ ಕಡೆ ತಿರುಗಿಯೂ ನೋಡಲ್ಲ. "ಲೈನ್ ಸರಿಯಾಗಿ ಹಿಡಿದೆ, ಬ್ಯಾಲೆನ್ಸು ಚೆನ್ನಾಗಿತ್ತು" ಅಂತ ತನ್ನ ಬೆನ್ನು ತಾನೇ ತಟ್ಟಿಕೊಳ್ತಾನೆ. ಬಿದ್ದವನು? ಬೈಕು ಎತ್ತಿ ನಿಲ್ಲಿಸೋದು, ಸ್ಟ್ಯಾಂಡ್ ಹಾಕೋದು, ಬಗ್ಗಿ ನನ್ನ ಮೈಗೆ ಹೆಬ್ಬೆರಳು ಒತ್ತೋದು. ನೋಡೋ ಜನಕ್ಕೆ ಕಾಣೋ ಹಾಗೆ ಒತ್ತೋದು. ಮುಖದಲ್ಲಿ ಡಾಕ್ಟರ ಗಾಂಭೀರ್ಯ. "ಓಹೋ, ಗಾಳಿ ಜಾಸ್ತಿ." ಇನ್ನೊಬ್ಬ ಅದೇ ಕಲ್ಲಿನ ಮೇಲೆ ಬಿದ್ದು ತನ್ನ ಟೈರು ಒತ್ತಿ "ಕಮ್ಮಿ" ಅಂತಾನೆ. ಅಲ್ಲ ಸ್ವಾಮಿ, ಬಂಡೆ ಹತ್ತಿರ ಬಂದಾಗ ಕಣ್ಣು ಮುಚ್ಚಿಕೊಂಡು ಆಕ್ಸಿಲರೇಟರ್ ತಿರುಗಿಸಿದ್ದು ನಾನಾ? ಇನ್ನೂರೈವತ್ತಕ್ಕೂ ಹೆಚ್ಚು ಜನ ಬರ್ತಾರೆ ಇಲ್ಲಿಗೆ. ದಂಡ ಬೀಳೋದು ಅವರಿಗೆ, ಜವಾಬ್ದಾರಿ ಮಾತ್ರ ನಮಗೆ.

ಪ್ರಶ್ನೆ: ಹೊಸದಾಗಿ ಕಲಿಯೋರು ಓದುಗರಲ್ಲಿ ಇರಬಹುದು. ಅವರು ತಮ್ಮ ಅಂಕಿ ಹೇಗೆ ಕಂಡುಕೊಳ್ಳಬೇಕು?

ಟೈರು: ಹಿಂದೆ 5, ಮುಂದೆ 6 ಇಟ್ಟು ಶುರು ಮಾಡ್ಲಿ. ಮನೆಯಲ್ಲಲ್ಲ, ಓಡಿಸೋ ಜಾಗಕ್ಕೆ ಹೋಗಿ ಇಡ್ಲಿ. ಒಂದು ಕಲ್ಲು ಆರಿಸ್ಕೊಂಡು ಅದರ ಮೇಲೇ ಹತ್ತಾರು ಸಲ ಹೋಗ್ಲಿ, ಪ್ರತಿ ಸಲಕ್ಕೂ ಬೇರೆ ಕಲ್ಲು ಹುಡುಕಬಾರದು. ಅರ್ಧರ್ಧ ಪಾಯಿಂಟ್ ಇಳಿಸ್ತಾ ಬರ್ಲಿ. ಪಕ್ಕೆ ಹೊರಳಿತು ಅಥವಾ ರಿಮ್ಮು ತಾಗಿದ ಸದ್ದು ಬಂತು ಅಂದ್ರೆ ಅರ್ಧ ವಾಪಸ್ ಏರಿಸ್ಲಿ. ಒದ್ದೆ ಕಲ್ಲಿಗೆ ಒಂಚೂರು ಕಮ್ಮಿ, ಎತ್ತರದ ಒಣ ಮೆಟ್ಟಿಲಿಗೆ ಒಂಚೂರು ಜಾಸ್ತಿ. ಗೇಜು ಒಂದೇ ಇರ್ಲಿ. ಸುಳ್ಳು ಹೇಳೋ ಗೇಜಾದರೂ ಪರವಾಗಿಲ್ಲ, ದಿನಾ ಒಂದೇ ಸುಳ್ಳು ಹೇಳಿದರೆ ಸಾಕು.

(ಅಷ್ಟರಲ್ಲಿ ಬೆಳಗಾಗಿ, ಕಾವಲಿನವರು ಬೇಲಿ ತೆಗೆದರು. ಸವಾರ ಬಂದ. ಬಗ್ಗಿ ವಾಲ್ವಿನ ಮುಚ್ಚಳ ತಿರುವಿದ.)

ಪ್ರಶ್ನೆ: ಎಷ್ಟು ತೋರಿಸ್ತಿದೆ?

ಟೈರು: ಐದೂವರೆ.

ಪ್ರಶ್ನೆ: ನಿನ್ನೆ ಸಾಯಂಕಾಲ ಐದಿತ್ತಲ್ಲ? ರಾತ್ರಿಯ ಚಳಿಗೆ ಕಮ್ಮಿ ಆಗಬೇಕಿತ್ತು.

ಟೈರು: ಕಮ್ಮಿಯೇ ಆಗಿದೆ, ನನಗೆ ಗೊತ್ತಿಲ್ವಾ? ಇದು ನಾಲ್ಕನೇ ಗೇಜು. ನಿನ್ನೆ ಬಿದ್ದ ಮೇಲೆ ಸಾಯಂಕಾಲ ಪೇಟೆಗೆ ಹೋಗಿ ಕೊಂಡುಬಂದಿದ್ದಾನೆ. ಅಗೋ, ಗಾಳಿ ಬಿಡೋಕೆ ಶುರು ಮಾಡಿದ. ಇವತ್ತು ಮಧ್ಯಾಹ್ನ ಮೊದಲನೇ ಹಳ್ಳದಲ್ಲಿ ಟಣ್ ಅಂತ ಕೇಳಿಸಿದರೆ ಅದು ಯಾರ ತಪ್ಪು ಅಂತ ಈಗಲೇ ಬರೆದಿಟ್ಟುಕೊಳ್ಳಿ. ತಾರೀಖು, ಟೈಮು ಎರಡೂ ಹಾಕಿ.